ಎದೆಯ ಮೇಲಿನ ಬಿಲ್ಲೆ, ಕಡತದೊಳಗಿನ ಲೆಕ್ಕ

ಕೈಗಾ ಎಂದರೆ ಊರ ಕಡೆಯ ವಿಷಯ, ಹೈದರಾಬಾದಿನ ನಮಗೇನು ಸಂಬಂಧ ಎಂದು ನಮ್ಮವರಲ್ಲಿ ಅನೇಕರು ತಿಳಿದಿದ್ದಾರೆ. ಸಂಬಂಧ ಇದೆ. ಕಾಳಿ ನದಿಯ ದಂಡೆಯ ಆ ನಾಲ್ಕು ಘಟಕಗಳಿಗೆ ಬೇಕಾದ ಇಂಧನದ ಕಟ್ಟುಗಳು ತಯಾರಾಗುವುದು ಇದೇ ನಮ್ಮ ಊರಿನಲ್ಲಿ, ಇ.ಸಿ.ಐ.ಎಲ್. ಕಡೆಯ ಬಸ್ಸು ಹತ್ತಿದವರೆಲ್ಲ ಕಂಡಿರುವ ಆ ಉದ್ದನೆಯ ಗೋಡೆಯ ಹಿಂದೆ. ೧೯೭೧ರಲ್ಲಿ ಸ್ಥಾಪನೆಯಾದ ನ್ಯೂಕ್ಲಿಯರ್ ಫ್ಯುಯೆಲ್ ಕಾಂಪ್ಲೆಕ್ಸಿನಲ್ಲಿ ಯುರೇನಿಯಂ ಆಕ್ಸೈಡಿನ ಪುಡಿಯನ್ನು ಗುಳಿಗೆಗಳಾಗಿ ಒತ್ತಿ, ಸುಟ್ಟು ಗಟ್ಟಿ ಮಾಡಿ, ಜಿರ್ಕಲಾಯ್ ಕೊಳವೆಗಳಲ್ಲಿ ತುಂಬುತ್ತಾರೆ. ಅಂತಹ ೧೯ ಕೊಳವೆಗಳು ಸೇರಿ ಒಂದು ಕಟ್ಟು. ಅದು ಇಲ್ಲಿಂದ ಹೊರಟು ಉತ್ತರ ಕನ್ನಡದ ಕಾಡಿನಲ್ಲಿ ಶಾಖವಾಗಿ, ಶಾಖ ವಿದ್ಯುತ್ತಾಗಿ, ಹುಬ್ಬಳ್ಳಿ ಬೆಂಗಳೂರುಗಳ ನಮ್ಮ ಬಂಧುಗಳ ಮನೆಯ ದೀಪವಾಗುತ್ತದೆ.

ನಾವು ಅಣುವಿದ್ಯುತ್ತಿನ ವೈರಿಗಳಲ್ಲ. ಕೈಗಾದ ಒಂದನೆಯ ಘಟಕ ೨೦೧೬ರ ಮೇ ತಿಂಗಳಿಂದ ೨೦೧೮ರ ಡಿಸೆಂಬರ್ ಕೊನೆಯವರೆಗೆ ೯೬೨ ದಿನ ಎಡೆಬಿಡದೆ ನಡೆದು ಅಂದಿನ ಜಾಗತಿಕ ದಾಖಲೆ ಮಾಡಿದಾಗ ನಾವೂ ಹೆಮ್ಮೆಪಟ್ಟವರೇ. ಆದರೆ ಯಂತ್ರ ನಡೆದ ದಿನಗಳನ್ನು ಒಂದೊಂದಾಗಿ ಎಣಿಸಿ ಊರಿಗೆಲ್ಲ ಸಾರಿದ ವ್ಯವಸ್ಥೆ, ಆ ಯಂತ್ರದ ಬಳಿ ನಿಂತವನ ಮೈಗೆ ತಗುಲಿದ ವಿಕಿರಣದ ಲೆಕ್ಕವನ್ನೂ ಅಷ್ಟೇ ಉತ್ಸಾಹದಿಂದ ಹೇಳುತ್ತದೆಯೇ? ನಮ್ಮ ತಕರಾರು ಇಷ್ಟೇ.

೨೦೦೯ರ ನವೆಂಬರಿನಲ್ಲಿ ಕೈಗಾದಲ್ಲಿ ನಡೆದದ್ದನ್ನು ವಾಚಕರು ನೆನಪಿಸಿಕೊಳ್ಳಬೇಕು. ನೌಕರರು ಕುಡಿಯುವ ನೀರಿನ ಕೂಲರಿಗೆ ಟ್ರಿಷಿಯಂ ಸೇರಿದ ಭಾರಜಲವನ್ನು ಯಾರೋ ಬೆರೆಸಿದ್ದರು. ಐವತ್ತಕ್ಕೂ ಹೆಚ್ಚು ಮಂದಿಯ ದೇಹದಲ್ಲಿ ಟ್ರಿಷಿಯಂ ಕಂಡುಬಂತು. ಇಬ್ಬರಲ್ಲಿ ಅದು ವಾರ್ಷಿಕ ಮಿತಿಯನ್ನೂ ಮೀರಿತ್ತೆಂದು ಪ್ರಕಟವಾಯಿತು. ಸುದ್ದಿ ಹೊರಗೆ ಬಂದದ್ದು ದಿನಗಳ ಮೇಲೆ. ಬಂದ ಕೂಡಲೇ ದೊಡ್ಡವರೆಲ್ಲರ ಬಾಯಲ್ಲಿ ಒಂದೇ ಮಾತು: ಒಳಗಿನವರ ಕಿಡಿಗೇಡಿತನ, ಗಾಬರಿಪಡುವಂಥದ್ದೇನೂ ಇಲ್ಲ.

ಕಿಡಿಗೇಡಿತನವೇ ಇರಲಿ, ಒಪ್ಪೋಣ. ಮನೆಯ ಕೆಲಸದವನು ಪಾಯಸಕ್ಕೆ ಏನನ್ನೋ ಬೆರೆಸಿದ ಎಂದ ಮಾತ್ರಕ್ಕೆ, ಆ ಡಬ್ಬಿ ಅಡುಗೆಮನೆಯಲ್ಲಿ ಅವನ ಕೈಗೆ ಹೇಗೆ ಸಿಕ್ಕಿತೆಂಬ ಪ್ರಶ್ನೆ ಮುಗಿಯುತ್ತದೆಯೆ? ಭಾರಜಲ ಹಿತ್ತಲ ಬಾವಿಯ ನೀರಲ್ಲ. ಗ್ರಾಂ ಗ್ರಾಂ ಲೆಕ್ಕ ಇಡಬೇಕಾದ ವಸ್ತು. ಅದು ಕೂಲರಿನವರೆಗೆ ನಡೆದುಹೋಯಿತೆಂದರೆ ದೋಷ ಒಬ್ಬ ಕಿಡಿಗೇಡಿಯ ತಲೆಯಲ್ಲಿ ಮಾತ್ರ ಇರಲಾರದು.

ಇಲ್ಲಿ ಸ್ವಲ್ಪ ವಿಜ್ಞಾನ ಹೇಳಬೇಕಾಗಿದೆ. ನಮ್ಮ ಹಳೆಯ ಬಿ.ಎಸ್ಸಿ. ಇಂಥ ಕಡೆಯಾದರೂ ಉಪಯೋಗಕ್ಕೆ ಬರಲಿ. ವಿಕಿರಣದಿಂದ ಕಾಯುವ ಉಪಾಯಗಳು ಮೂರೆಂದು ಪಾಠದಲ್ಲಿ ಹೇಳುತ್ತಾರೆ: ಕಡಿಮೆ ಹೊತ್ತು ನಿಲ್ಲು, ದೂರ ನಿಲ್ಲು, ನಡುವೆ ಮರೆ ಇಟ್ಟುಕೋ. ದೂರ ಎರಡರಷ್ಟಾದರೆ ತಾಗುವುದು ನಾಲ್ಕರಲ್ಲೊಂದು ಪಾಲು. ಸೀಸದ ಗೋಡೆ, ಕಾಂಕ್ರೀಟು, ಉದ್ದನೆಯ ಇಕ್ಕಳ, ಎಲ್ಲವೂ ಈ ಲೆಕ್ಕದಿಂದ ಬಂದವು. ಇದು ಹೊರಗಿನಿಂದ ಬಂದು ತಾಗುವ ಕಿರಣಕ್ಕೆ ಸರಿ. ಟ್ರಿಷಿಯಂ ಹಾಗಲ್ಲ. ಅದರ ಬೀಟಾ ಕಣಕ್ಕೆ ನಮ್ಮ ಚರ್ಮವನ್ನು ದಾಟುವ ಶಕ್ತಿಯೂ ಇಲ್ಲ; ಆದರೆ ಅದು ನೀರಿನ ರೂಪದಲ್ಲಿ ಉಸಿರಿನಿಂದಲೋ ಬಾಯಿಯಿಂದಲೋ ಒಳಗೆ ಹೋದರೆ ಮೈಯೆಲ್ಲ ಹರಡುತ್ತದೆ. ಸುಮಾರು ಹತ್ತು ದಿನಕ್ಕೆ ಅರ್ಧದಷ್ಟು ಹೊರಗೆ ಹೋಗುತ್ತದೆ. ಆದ್ದರಿಂದಲೇ ಹೆಚ್ಚು ನೀರು ಕುಡಿಸಿ ಅದನ್ನು ಬೇಗ ಹೊರಹಾಕಿಸುತ್ತಾರೆ. ಯುರೇನಿಯಂ ಧೂಳೂ ಅಷ್ಟೇ. ಅದರ ಆಲ್ಫಾ ಕಣವನ್ನು ಒಂದು ಹಾಳೆ ಕಾಗದ ತಡೆಯುತ್ತದೆ. ಆದರೆ ಶ್ವಾಸಕೋಶದೊಳಗೆ ಕಾಗದ ಹಿಡಿಯುವವರು ಯಾರು?

ಅಣುಸ್ಥಾವರದ ನೌಕರನ ಎದೆಗೆ ಒಂದು ಬಿಲ್ಲೆ ತಗುಲಿಸಿರುತ್ತಾರೆ, ಟಿ.ಎಲ್.ಡಿ. ಬ್ಯಾಡ್ಜು. ಅದು ರಕ್ಷಾಕವಚವೆಂದು ಹೆಂಡತಿ ಮಕ್ಕಳು ನಂಬುತ್ತಾರೆ. ಕಟ್ಟಿಕೊಂಡವರಲ್ಲಿ ಕೆಲವರೂ ನಂಬುತ್ತಾರೆ. ಅದು ಕವಚವಲ್ಲ, ದಿನಚರಿ. ತಾಗಿದ್ದನ್ನು ತಾಗಿದ ಮೇಲೆ ಹೇಳುತ್ತದೆ, ತಡೆಯುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ಹೊಟ್ಟೆಗೆ ಹೋದ ಟ್ರಿಷಿಯಂ ಆಗಲಿ, ಎದೆಗೂಡಿನಲ್ಲಿ ಕೂತ ಯುರೇನಿಯಂ ಧೂಳಾಗಲಿ ಆ ಬಿಲ್ಲೆಗೆ ಕಾಣುವುದೇ ಇಲ್ಲ. ಕೈಗಾದಲ್ಲಿ ಸತ್ಯ ಹೊರಬಿದ್ದದ್ದು ಬಿಲ್ಲೆಯಿಂದಲ್ಲ, ನೌಕರರ ಮೂತ್ರಪರೀಕ್ಷೆಯಿಂದ. ಹೆಸರು ಹೇಳಲು ನಾಚಿಕೆಪಡುವ ಆ ಸಣ್ಣ ಬಾಟಲಿಯೇ ನಿಜವಾದ ಕಾವಲುಗಾರ. ಅದನ್ನು ವಾರ ತಪ್ಪದೆ, ಗುತ್ತಿಗೆಯವನು ಕಾಯಂನವನು ಎಂಬ ಭೇದವಿಲ್ಲದೆ ತೆಗೆದುಕೊಳ್ಳುವಂತೆ ಮಾಡಲು ಸಂಶೋಧನೆಯೇನೂ ಬೇಕಿಲ್ಲ, ಮನಸ್ಸು ಬೇಕು.

ಅಳೆಯುವ ಉಪಕರಣವಿಲ್ಲದಿದ್ದರೆ ಏನಾಗುತ್ತದೆ? ೨೦೦೩ರ ಜನವರಿ ೨೧ರಂದು ಕಲ್ಪಾಕ್ಕಂನ ಇಂಧನ ಮರುಸಂಸ್ಕರಣ ಸ್ಥಾವರದಲ್ಲಿ ಒಂದು ಕವಾಟ ಕೆಟ್ಟು, ತೀವ್ರ ವಿಕಿರಣದ ದ್ರವ ಸಾಮಾನ್ಯ ತ್ಯಾಜ್ಯದ ತೊಟ್ಟಿಗೆ ಸೇರಿತು. ಆ ಜಾಗದಲ್ಲಿ ವಿಕಿರಣ ಸೂಚಕವೇ ಇರಲಿಲ್ಲ. ಮಾದರಿ ತೆಗೆದುಕೊಂಡು ಬಂದು ಪರೀಕ್ಷಿಸಿದ ಮೇಲೆಯೇ ವಿಷಯ ತಿಳಿದದ್ದು. ಅಷ್ಟರಲ್ಲಿ ಆರು ಮಂದಿಗೆ ವಾರ್ಷಿಕ ಮಿತಿಯ ಎಷ್ಟೋ ಪಟ್ಟು ತಾಗಿಯಾಗಿತ್ತು. ನೌಕರರ ಸಂಘ ಗಲಾಟೆ ಮಾಡಿ, ತಿಂಗಳುಗಳು ಕಳೆದು ಆಗಸ್ಟ್ ಬಂದ ಮೇಲೆ ಅಧಿಕಾರಿಗಳು ಬಹಿರಂಗವಾಗಿ ಒಪ್ಪಿಕೊಂಡರು. ಸೂಚಕಗಳನ್ನು ತಯಾರಿಸುವ ಇ.ಸಿ.ಐ.ಎಲ್. ಸರ್ಕಾರದ್ದೇ, ಅದೂ ನಮ್ಮ ಊರಿನಲ್ಲೇ; ಆದ್ದರಿಂದ ಸಿಗಲಿಲ್ಲವೆಂಬ ನೆಪಕ್ಕೂ ಅವಕಾಶವಿಲ್ಲ.

ಮಿತಿಯ ಮಾತು ಬಂತು. ನಮ್ಮ ದೇಶದಲ್ಲಿ ವಿಕಿರಣದ ನಡುವೆ ದುಡಿಯುವವನಿಗೆ ಐದು ವರ್ಷಗಳಲ್ಲಿ ಒಟ್ಟು ೧೦೦ ಮಿಲಿಸೀವರ್ಟ್, ಯಾವುದೇ ಒಂದು ವರ್ಷದಲ್ಲಿ ೩೦ ಮೀರುವಂತಿಲ್ಲ. ಸಾರ್ವಜನಿಕರಿಗಾದರೋ ವರ್ಷಕ್ಕೆ ೧. ಮಿತಿಯೊಳಗಿದ್ದರೆ ಏನೂ ಆಗುವುದಿಲ್ಲ ಎಂಬ ಅಭಯವಾಣಿಯನ್ನು ನಾವು ಆಗಾಗ ಕೇಳುತ್ತೇವೆ. ಮಿತಿ ಎಂಬುದು ಲಕ್ಷ್ಮಣರೇಖೆಯಲ್ಲ. ಸಾಧ್ಯವಾದಷ್ಟೂ ಕಡಿಮೆ ಮಾಡಬೇಕೆಂಬುದೇ ಜಗತ್ತು ಒಪ್ಪಿದ ತತ್ತ್ವ. ಅಮೆರಿಕದ ನ್ಯೂಜೆರ್ಸಿಯಲ್ಲಿ ಗಡಿಯಾರದ ಮುಖಕ್ಕೆ ರೇಡಿಯಂ ಬಣ್ಣ ಬಳಿಯುತ್ತಿದ್ದ ಹೆಣ್ಣುಮಕ್ಕಳು ಕುಂಚದ ತುದಿಯನ್ನು ತುಟಿಯಲ್ಲಿ ಚೂಪು ಮಾಡಿಕೊಳ್ಳುತ್ತಿದ್ದರು. ಅವರಿಗೂ ಏನೂ ಆಗುವುದಿಲ್ಲವೆಂದೇ ಹೇಳಲಾಗಿತ್ತು. ದವಡೆ ಕೊಳೆತ ಮೇಲೆ ದಾವೆ ಹೂಡಿ, ೧೯೨೮ರಲ್ಲಿ ರಾಜಿಯಾಗಿ, ಪರಿಹಾರ ಪಡೆದ ಕೆಲವರು ಬಹುಕಾಲ ಬದುಕಲಿಲ್ಲ.

ಅಣುಸ್ಥಾವರವೇ ಯಾಕೆ, ನಮ್ಮ ಬೀದಿಯ ಮೂಲೆಯ ಎಕ್ಸ್‌ರೇ ಕೋಣೆಯನ್ನು ನೋಡಿ. ೨೦೧೨ರಲ್ಲಿ ಮಹಾಲೇಖಪಾಲರು ಅಣುಶಕ್ತಿ ನಿಯಂತ್ರಣ ಮಂಡಳಿಯ ಕಾರ್ಯವೈಖರಿಯ ಬಗ್ಗೆ ವರದಿ ಕೊಟ್ಟರು. ದೇಶದ ೫೭,೪೪೩ ವೈದ್ಯಕೀಯ ಎಕ್ಸ್‌ರೇ ಘಟಕಗಳಲ್ಲಿ ಮಂಡಳಿಯ ನೋಂದಣಿಗೆ ಒಳಪಟ್ಟಿದ್ದವು ೫,೨೭೦ ಮಾತ್ರ! ಉಳಿದ ಕಡೆಗಳಲ್ಲಿ ಗುಂಡಿ ಒತ್ತುತ್ತಿದ್ದ ಹುಡುಗ ಹುಡುಗಿಯರನ್ನು ಕೇಳುವವರು ಯಾರಿದ್ದರು? ಡಿಪ್ಲೊಮಾ ಮುಗಿಸಿ ಇಂಥ ಕೋಣೆಗಳಲ್ಲಿ ಕೆಲಸಕ್ಕೆ ಸೇರುವ ಮಕ್ಕಳು ನಮ್ಮ ಮನೆಗಳಲ್ಲೂ ಇದ್ದಾರೆ. ಸೀಸದ ಏಪ್ರನ್ ಗೋಡೆಯ ಮೊಳೆಗೆ ನೇತುಬಿದ್ದಿರುತ್ತದೆ, ಮಗು ಬಾಗಿಲ ಬಳಿ ನಿಂತು ದಿನಕ್ಕೆ ನೂರು ಫಿಲಂ ತೆಗೆಯುತ್ತದೆ. ತಂದೆ ತಾಯಿ ಸಂಬಳ ಎಷ್ಟೆಂದು ಕೇಳುತ್ತಾರೆ, ಬಿಲ್ಲೆ ಕೊಟ್ಟಿದ್ದಾರೆಯೇ ಎಂದು ಕೇಳುವುದಿಲ್ಲ.

ಈಗ ಗುಮಾಸ್ತರಾಗಿ ಒಂದು ಮಾತು. ಸರ್ಕಾರಿ ನೌಕರನ ಸೇವಾಪುಸ್ತಕವನ್ನು ವರ್ಷಕ್ಕೊಮ್ಮೆ ಅವನಿಗೆ ತೋರಿಸಿ ಸಹಿ ಪಡೆಯಬೇಕೆಂದು ನಿಯಮವಿದೆ. ಒಂದು ದಿನದ ಅರ್ಧವೇತನ ರಜೆ ತಪ್ಪಾಗಿ ನಮೂದಾದರೂ ನಾವು ಅರ್ಜಿ ಹಿಡಿದು ಓಡುತ್ತೇವೆ. ಮೈಯೊಳಗೆ ಸೇರಿ ತಿರುಗಿ ಬಾರದ ವಿಕಿರಣದ ಲೆಕ್ಕಕ್ಕೆ ಇಷ್ಟಾದರೂ ಮರ್ಯಾದೆ ಬೇಡವೆ? ಲೆಕ್ಕ ದೊಡ್ಡ ಕಚೇರಿಯ ದಾಖಲೆಯಲ್ಲಿದ್ದರೆ ಸಾಲದು. ಬ್ಯಾಂಕಿನ ಪಾಸ್‌ಬುಕ್ಕಿನಂತೆ ದುಡಿದವನ ಕೈಯಲ್ಲಿರಬೇಕು, ಅವನು ಕೇಳದೆಯೇ. ಅದು ಅವನು ಓದಬಲ್ಲ ಭಾಷೆಯಲ್ಲಿರಬೇಕು. ಕೈಗಾದಲ್ಲಿ ಕನ್ನಡ, ಇಲ್ಲಿ ತೆಲುಗು, ಬಿಹಾರದಿಂದ ಬಂದ ಗುತ್ತಿಗೆ ಕೂಲಿಗೆ ಹಿಂದಿ. ಇಂಗ್ಲಿಷ್ ಬಾರದವನಿಂದ ಇಂಗ್ಲಿಷ್ ಹಾಳೆಗೆ ಹೆಬ್ಬೆಟ್ಟು ಒತ್ತಿಸಿಕೊಂಡು ತಿಳಿವಳಿಕೆ ಕೊಟ್ಟೆವೆನ್ನುವುದು ಕಡತಕ್ಕೆ ಸರಿ, ಮನುಷ್ಯನಿಗೆ ಸರಿಯಲ್ಲ.

ಗುತ್ತಿಗೆಯವನ ವಿಷಯದಲ್ಲಿ ಇದು ಇನ್ನೂ ಜರೂರು. ಕಾಯಂ ನೌಕರನಿಗೆ ಸಂಘವಿದೆ, ಆಸ್ಪತ್ರೆಯಿದೆ, ನಿವೃತ್ತಿಯ ನಂತರವೂ ವಿಳಾಸವಿದೆ. ಗುತ್ತಿಗೆ ಕೂಲಿ ಇವತ್ತು ಒಂದು ಸ್ಥಾವರದ ರಿಪೇರಿಗೆ, ನಾಳೆ ಇನ್ನೊಂದಕ್ಕೆ. ಇಪ್ಪತ್ತು ವರ್ಷದ ಮೇಲೆ ಅವನಿಗೆ ಕಾಯಿಲೆ ಬಂದರೆ ತಾನು ಎಲ್ಲಿ ಎಷ್ಟು ಹೊತ್ತು ನಿಂತಿದ್ದೆನೆಂದು ಯಾವ ಕಾಗದ ತೋರಿಸಿಯಾನು? ೨೦೨೫ರ ಡಿಸೆಂಬರಿನಲ್ಲಿ ಸಂಸತ್ತು ೧೯೬೨ರ ಅಣುಶಕ್ತಿ ಕಾಯಿದೆಯ ಜಾಗದಲ್ಲಿ ಹೊಸ ಕಾಯಿದೆ ತಂದು ಖಾಸಗಿ ಕಂಪನಿಗಳಿಗೂ ಬಾಗಿಲು ತೆರೆದಿದೆ. ಇನ್ನು ಗುತ್ತಿಗೆಯೊಳಗೊಂದು ಗುತ್ತಿಗೆ ಹುಟ್ಟಲು ಎಷ್ಟು ಹೊತ್ತು?

ಆದ್ದರಿಂದ ನಮ್ಮ ಸಂಘದ ಕಾರ್ಯಕಾರಿ ಸಮಿತಿಗೆ ನಮ್ಮದೊಂದು ವಿನಂತಿ. ರಾಜ್ಯೋತ್ಸವದ ಊಟದ ಪಟ್ಟಿಯ ಚರ್ಚೆ ಮುಗಿದ ಮೇಲಾದರೂ ಅರ್ಧ ಗಂಟೆ ಇದಕ್ಕೆ ಕೊಡಿ. ಗುತ್ತಿಗೆಯವರೂ ಸೇರಿ ಪ್ರತಿಯೊಬ್ಬ ವಿಕಿರಣ ನೌಕರನಿಗೂ ಅವನ ಭಾಷೆಯಲ್ಲಿ ವಿಕಿರಣದ ಪಾಸ್‌ಬುಕ್ಕು ಕೊಡಬೇಕೆಂದು ಅಣುಶಕ್ತಿ ನಿಯಂತ್ರಣ ಮಂಡಳಿಗೆ ಒಂದು ಮನವಿ ಹೋಗಲಿ, ಪ್ರತಿ ಕಾರವಾರದ ಲೋಕಸಭಾ ಸದಸ್ಯರಿಗೆ. ಕರಡನ್ನು ನಾವೇ ಬರೆದುಕೊಡುತ್ತೇವೆ. ಸಹಿ ಹಾಕುವವರು ಬೇಕು. ಎಕ್ಸ್‌ರೇ ಕೋಣೆಯಲ್ಲಿ ದುಡಿಯುವ ಮಕ್ಕಳಿರುವ ಮನೆಯವರು ಮೊದಲು ಸಹಿ ಹಾಕಲಿ.