ಡಬ್ಬದ ಮೇಲೆ 2000 ವಾಟ್ ಎಂದಿದ್ದರೆ ಸಾಕೇ? ಕಾರಿನ ಆಂಪ್ಲಿಫೈಯರ್ ಮತ್ತು ಸಬ್‌ವೂಫರ್ ಜೋಡಿಸುವ ಲೆಕ್ಕ

‘ವಾಟ್ ಜಾಸ್ತಿ ಇದ್ದಷ್ಟೂ ಬಾಸ್ ಜಾಸ್ತಿ’, ‘ಆಂಪ್ಲಿಫೈಯರ್ ಚಿಕ್ಕದಿದ್ದರೆ ಸಬ್‌ವೂಫರ್ ಸುಡುವುದಿಲ್ಲ’. ಕಾರಿಗೆ ಮ್ಯೂಸಿಕ್ ಸಿಸ್ಟಮ್ ಹಾಕಿಸಲು ಹೊರಟವರಿಗೆ ಇಂಥ ಸಲಹೆಗಳಿಗೆ ಬರವಿಲ್ಲ. ಎರಡೂ ಅರ್ಧಸತ್ಯ. ಜೋಡಣೆ ತಪ್ಪಿದರೆ ಹಣವಷ್ಟೇ ಹಾಳಾಗುವುದಿಲ್ಲ, ವೈರ್ ಕಾದು ಕಾರಿಗೆ ಬೆಂಕಿ ಹತ್ತಲೂಬಹುದು. ಹಾಗಾಗಿ ಒಂದೊಂದಾಗಿ ನೋಡೋಣ.

ಯಾವ ವಾಟ್ ನಂಬಬೇಕು?

ಡಬ್ಬದ ಮೇಲೆ ದಪ್ಪಕ್ಷರದಲ್ಲಿರುವುದು ಸಾಮಾನ್ಯವಾಗಿ ‘ಮ್ಯಾಕ್ಸ್’ ಅಥವಾ ‘ಪೀಕ್’ ವಾಟ್. ಅದು ಕ್ಷಣಮಾತ್ರದ ಲೆಕ್ಕ. ನಾವು ನೋಡಬೇಕಾದದ್ದು ನಿರಂತರವಾಗಿ ಕೊಡಬಲ್ಲ ಶಕ್ತಿಯನ್ನು, ಅಂದರೆ ಆರ್‌ಎಂಎಸ್ ವಾಟ್ ಅನ್ನು. ಸಬ್‌ವೂಫರ್ ತಾಳುವ ಆರ್‌ಎಂಎಸ್ ಮತ್ತು ಆಂಪ್ಲಿಫೈಯರ್ ಕೊಡುವ ಆರ್‌ಎಂಎಸ್ ಹತ್ತಿರ ಹತ್ತಿರ ಇರಬೇಕು.

ಆಂಪ್ಲಿಫೈಯರ್ ಮೇಲೆಯೇ ಫ್ಯೂಸ್ ಇದ್ದರೆ ಒಂದು ಸುಲಭ ಪರೀಕ್ಷೆಯಿದೆ. ಎಂಜಿನ್ ಓಡುವಾಗ ಕಾರಿನ ವೋಲ್ಟೇಜ್ ಸುಮಾರು 14. ಫ್ಯೂಸ್ 30 ಆಂಪಿಯರ್ ಆಗಿದ್ದರೆ 14 × 30 = 420 ವಾಟ್ ಮಾತ್ರ ಒಳಗೆ ಹೋಗಬಲ್ಲದು. ಕ್ಲಾಸ್-ಡಿ ಆಂಪ್ಲಿಫೈಯರ್ ಅದರಲ್ಲಿ ಸುಮಾರು ಶೇ 80ರಷ್ಟನ್ನು ಹೊರಗೆ ಕೊಟ್ಟರೂ ಸಿಗುವುದು 335 ವಾಟ್‌ನ ಆಸುಪಾಸು. ಅದರ ಡಬ್ಬದ ಮೇಲೆ 2000 ವಾಟ್ ಎಂದಿದ್ದರೆ ಅದು ಜಾಹೀರಾತು, ಅಷ್ಟೆ.

ಓಮ್ ಲೆಕ್ಕ ಏಕೆ ಮುಖ್ಯ?

ಒಂದೇ ಆಂಪ್ಲಿಫೈಯರ್ 4 ಓಮ್‌ಗೆ 300 ವಾಟ್, 2 ಓಮ್‌ಗೆ 500 ವಾಟ್ ಕೊಡಬಹುದು. ಓಮ್ ಕಡಿಮೆಯಾದಷ್ಟೂ ಹೆಚ್ಚು ಕರೆಂಟ್ ಹರಿಯುತ್ತದೆ.

ಎಷ್ಟೋ ಸಬ್‌ವೂಫರ್‌ಗಳಲ್ಲಿ ಎರಡು ಕಾಯಿಲ್‌ಗಳಿರುತ್ತವೆ. ತಲಾ 4 ಓಮ್‌ನ ಕಾಯಿಲ್‌ಗಳನ್ನು ಸರಣಿಯಾಗಿ ಜೋಡಿಸಿದರೆ 8 ಓಮ್, ಸಮಾನಾಂತರವಾಗಿ ಜೋಡಿಸಿದರೆ 2 ಓಮ್. ಅಂಥ ಎರಡು ಸಬ್‌ವೂಫರ್‌ಗಳನ್ನು ಪೂರ್ತಿ ಸಮಾನಾಂತರವಾಗಿ ಕಟ್ಟಿದರೆ 1 ಓಮ್‌ಗೆ ಇಳಿಯುತ್ತದೆ. 2 ಓಮ್‌ವರೆಗೆ ಮಾತ್ರ ತಾಳುವ ಆಂಪ್ಲಿಫೈಯರ್‌ಗೆ ಇದನ್ನು ಕೊಟ್ಟರೆ ಅದು ಕಾದು ತಾನಾಗಿಯೇ ಆಫ್ ಆಗಬಹುದು, ಇಲ್ಲವೇ ಕೆಟ್ಟೇಹೋಗಬಹುದು.

ಚಿಕ್ಕ ಆಂಪ್ಲಿಫೈಯರ್ ಸುರಕ್ಷಿತವೇ?

ಎಲ್ಲ ಸಲವೂ ಅಲ್ಲ. ಬಾಸ್ ಸಾಲದೆಂದು ಗೇನ್ ಅನ್ನು ಕೊನೆಯವರೆಗೆ ತಿರುಗಿಸಿದರೆ ಧ್ವನಿತರಂಗದ ತುದಿಗಳು ಕತ್ತರಿಸಿಹೋಗುತ್ತವೆ. ಇದೇ ‘ಕ್ಲಿಪ್ಪಿಂಗ್’. ಆಗ 300 ವಾಟ್‌ನ ಆಂಪ್ಲಿಫೈಯರ್‌ನಿಂದ ಲೆಕ್ಕಪ್ರಕಾರ 600 ವಾಟ್‌ವರೆಗೂ ಹೊರಬರಬಹುದು. 400 ವಾಟ್‌ನ ಸಬ್‌ವೂಫರ್ ಸುಡಲು ಅಷ್ಟು ಸಾಕು. ಸುಡುವುದಕ್ಕೆ ಕಾರಣ ಆಂಪ್ಲಿಫೈಯರ್ ಚಿಕ್ಕದಾಗಿರುವುದಲ್ಲ, ಕಾಯಿಲ್ ತಾಳುವುದಕ್ಕಿಂತ ಹೆಚ್ಚು ಶಕ್ತಿ ಬಹಳ ಹೊತ್ತು ಹರಿಯುವುದು. ಗೇನ್ ಇರುವುದು ಸ್ಟೀರಿಯೊದಿಂದ ಬರುವ ಸಿಗ್ನಲ್‌ಗೆ ಆಂಪ್ಲಿಫೈಯರ್ ಅನ್ನು ಹೊಂದಿಸಲು. ಅದು ವಾಲ್ಯೂಮ್ ಬಟನ್ ಅಲ್ಲ.

ಇನ್ನೊಂದು ಮಾತು. ವಾಟ್ ಎರಡು ಪಟ್ಟಾದರೆ ಶಬ್ದ ಎರಡು ಪಟ್ಟಾಗುವುದಿಲ್ಲ, ಹೆಚ್ಚುವುದು 3 ಡೆಸಿಬಲ್ ಮಾತ್ರ. 500 ವಾಟ್‌ನಿಂದ 1000ಕ್ಕೆ ಹಾರಲು ಸುರಿಯುವ ಹಣಕ್ಕೆ ಕಿವಿಗೆ ಸಿಗುವ ಲಾಭ ಅಲ್ಪ.

ಬೆಂಕಿಯ ಅಪಾಯ ಎಲ್ಲಿ?

ಬ್ಯಾಟರಿಯಿಂದ ಡಿಕ್ಕಿಯವರೆಗೆ ಹೋಗುವ ಪವರ್ ವೈರ್‌ನಲ್ಲಿ. ವೈರ್‌ನ ಸಿಪ್ಪೆ ಎಲ್ಲಾದರೂ ಸವೆದು ಕಾರಿನ ಲೋಹಕ್ಕೆ ತಾಗಿದರೆ ಶಾರ್ಟ್ ಆಗುತ್ತದೆ. ಆದ್ದರಿಂದ ಬ್ಯಾಟರಿಯಿಂದ ಸುಮಾರು 45 ಸೆಂಟಿಮೀಟರ್ ಒಳಗೆ, ವೈರ್ ತಾಳುವಷ್ಟೇ ಅಳತೆಯ ಫ್ಯೂಸ್ ಇರಲೇಬೇಕು. ಫ್ಯೂಸ್ ಪದೇ ಪದೇ ಹೋಗುತ್ತದೆಂದು ದೊಡ್ಡದನ್ನು ಹಾಕಿಸಬೇಡಿ. ತಾಮ್ರದ ಲೇಪನವಿರುವ ಅಲ್ಯೂಮಿನಿಯಂ ವೈರ್ ಅಗ್ಗ, ಆದರೆ ಅಷ್ಟೇ ದಪ್ಪದ ಶುದ್ಧ ತಾಮ್ರಕ್ಕಿಂತ ಕಡಿಮೆ ಕರೆಂಟ್ ತಾಳುತ್ತದೆ.

‘ಭಾರೀ ಬಾಸ್, ಭಾರೀ ರಿಯಾಯಿತಿ’ ಎಂಬ ಮೆಸೇಜ್ ಬಂದರೆ ಫಾರ್ವರ್ಡ್ ಮಾಡುವ ಮೊದಲು ಮೂರು ಪ್ರಶ್ನೆ ಕೇಳಿ: ಆರ್‌ಎಂಎಸ್ ಎಷ್ಟು? ಎಷ್ಟು ಓಮ್‌ಗೆ? ಬ್ಯಾಟರಿ ಪಕ್ಕದಲ್ಲಿ ಫ್ಯೂಸ್ ಹಾಕಿಕೊಡುತ್ತೀರಾ? ಮೂರಕ್ಕೂ ನೇರ ಉತ್ತರ ಸಿಗದಿದ್ದರೆ ಆ ಆಫರ್ ಬಿಟ್ಟುಬಿಡುವುದೇ ವಾಸಿ.