ಬದನಿಕಾಯಿ ತಿರುವಿ ನೋಡೋರು ಮನಿ ಯಾಕ ನೋಡಂಗಿಲ್ಲ?



ಈ ವಾರ ಹೋಳಿಗಿ ಬಗ್ಗೆ ಬರೀಬೇಕಂತ ಕುಂತಿದ್ನಿ. ಬ್ಯಾಳಿ ಕುದಿಸಿ, ಹೂರಣ ರುಬ್ಬಿ, ಫೋಟೋನೂ ತಗದಿದ್ನಿ. ಆದ್ರ ಹೋದ ಐತವಾರ ನಮ್ಮ ಚಿಗವ್ವನ ಮನ್ಯಾಗ ನಡೆದ ಮಾತು ಇನ್ನೂ ತಲ್ಯಾಗ ಗುಂಯ್ ಅನ್ನಾಕ ಹತ್ತೈತಿ. ಹೋಳಿಗಿ ಮುಂದಿನ ವಾರ. ಇವತ್ತ ಜಗಳ.

ಚಿಗವ್ವನ ಮಗಳು ಹುಬ್ಬಳ್ಳ್ಯಾಗ ಒಂದು ಮನಿ ನೋಡಿ ಬಂದಾಳ. 30-40ರ ಸೈಟು, ಎರಡು ಬೆಡ್‌ರೂಮು, ಒಂಬತ್ತು ವರ್ಷದ ಹಳೇ ಮನಿ, 62 ಲಕ್ಷ. ಬರೂ ಶುಕ್ರವಾರ ಇಸಾರ ಕೊಡೂದಂತ. ನಾ ಕೇಳಿದ್ದು ಇಷ್ಟ: "ಯಾರರ ಎಂಜಿನಿಯರ್ ಕಡಿಂದ ಮನಿ ತಪಾಸಣಿ ಮಾಡಿಸಿರೇನು?" ಪಡಸಾಲ್ಯಾಗ ಕುಂತೋರೆಲ್ಲ ನಕ್ಕರು. ಕಾಕಾ ಅಂದ್ರು, "ನಾವೇನು ಎಂಜಿನಿಯರನ್ನ ಕರಕೊಂಡು ಹೋಗಿ ಮನಿ ಕೊಂಡೇವೇನು? ಮಾರೋರ ಮಾರಿ ನೋಡಿದ್ರ ತಿಳೀತೈತಿ." ವೈನಿ ಅಂದ್ಲು, "ಹತ್ತು ಸಾವಿರ ಸುಮ್ಮನ ದಂಡ. ಅದರಾಗ ಒಂದು ಛೊಲೊ ಮಿಕ್ಸರ್ ಬರತೈತಿ."

ಅಲ್ಲೆ ನಾ ಚಹಾ ಕುಡದು ಸುಮ್ಮನ ಎದ್ದು ಬಂದ್ನಿ. ಇಲ್ಲೆ ಸುಮ್ಮನಿರಂಗಿಲ್ಲ.

ಮೊದಲ ನಮ್ಮನ್ನ ನಾವು ನೋಡ್ಕೊಳ್ಳೂಣು. ಸಂತ್ಯಾಗ ಅರ್ಧ ಕಿಲೋ ಬದನಿಕಾಯಿ ತಗೊಳ್ಳೂಮುಂದ ಒಂದೊಂದನ್ನೂ ತಿರುವಿ, ತೂತು ಐತೇನು ಅಂತ ನೋಡ್ತೀವಿ. ಜ್ವಾಳಾ ಕೊಳ್ಳೂಮುಂದ ಬೊಗಸ್ಯಾಗ ಹಿಡದು, ನಾಕು ಕಾಳು ಬಾಯಾಗ ಹಾಕ್ಕೊಂಡು ಕಡದು ನೋಡ್ತೀವಿ. ಇಳಕಲ್ ಸೀರಿ ಆದ್ರ ಅಂಗಡಿ ದೀಪದಾಗ ನಂಬಂಗಿಲ್ಲ, ಬಾಗಲಕ್ಕ ತಂದು ಬಿಸಲಾಗ ಸೆರಗು ಬಿಡಿಸಿ ನೋಡ್ತೀವಿ. ಬಂಗಾರಕ್ಕ ಹಾಲ್‌ಮಾರ್ಕ್ ಕೇಳ್ತೀವಿ. ಇಷ್ಟೆಲ್ಲಾ ಮಾಡೋರು, ಇಪ್ಪತ್ತು ವರ್ಷ ಕಂತು ಕಟ್ಟೂ ಮನೀನ ಇಪ್ಪತ್ತು ನಿಮಿಷದಾಗ ನೋಡಿ, ಅವರು ಕೊಟ್ಟ ಚಹಾ ಕುಡದು, "ಛೊಲೊ ಗಾಳಿ ಬೆಳಕು ಐತಿ" ಅಂತ ಎದ್ದು ಬರ್ತೀವಿ.

ನಾನೂ ಹಂಗ ಎದ್ದು ಬಂದಾಕಿನ. ಅದನ್ನ ಹೇಳ್ತೀನಿ ಕೇಳ್ರಿ.

2017ರಾಗ ನಾವು ಈಗಿರೂ ಮನಿ ಕೊಂಡ್ವಿ. 48 ಲಕ್ಷ. ಮಾವನೋರ ಹಳೇ ಗೆಳೆಯರದು. ನೋಡಾಕ ಹೋಗಿದ್ದು ಯುಗಾದಿ ಆದ ಮ್ಯಾಲ, ಕಡಕ ಬ್ಯಾಸಗ್ಯಾಗ. ಮನಿ ತುಂಬ ಹೊಸಾ ಬಣ್ಣ. ಒಳಗಿನ ಸಣ್ಣ ಖೋಲಿಗೆ ಕಾಲಿಟ್ಟಕೂಡಲೇ ಬಣ್ಣದ ವಾಸನಿ ಕೆಳಗ ಇನ್ನೊಂದು ವಾಸನಿ ಬಂತು, ಮಳ್ಯಾಗ ತೊಯ್ದ ಗೋಣಿಚೀಲ ಮೂಲ್ಯಾಗ ಬಿದ್ದಂಗ. ಗೋಡಿಯೊಳಗಿನ ಕಪಾಟು ತಗದ್ನಿ. ಮುಗ್ಗು. ಮೆಲ್ಲಕ ನಮ್ಮ ಮನಿಯವರ ಕಿವ್ಯಾಗ ಹೇಳಿದ್ನಿ. "ಈಗ ಸುಮ್ಮನಿರು, ದೊಡ್ಡವರ ಮಾತು ನಡದಾವು" ಅಂದ್ರು. ಸೊಸಿ ಆದಾಕಿ ಮಾವನೋರ ಗೆಳೆಯರ ಮುಂದ "ನಿಮ್ಮ ಗೋಡಿ ನಾರತೈತಿ" ಅನ್ನಾಕ ಬರತೈತೇನು? ಸುಮ್ಮನಾದ್ನಿ. ನನ್ನ ತವರಿನ ನಾಕು ಪಾಟ್ಲಿ ಮಾರಿ ಆ ಮನಿಗೆ ಕೊಟ್ವಿ.

ಜೂನ್‌ನಾಗ ಮಳಿ ಹಿಡೀತು. ಜುಲೈ ಮುಗಿಯೂದ್ರಾಗ ಆ ಖೋಲಿ ಬಣ್ಣ ಹಪ್ಪಳದಂಗ ಗುಳ್ಳಿ ಎದ್ದು ಉದುರಿತು. ಅತ್ತಿಯವರು ಮಲಗೂದು ಅದ ಖೋಲ್ಯಾಗ, ಅವರ ದಮ್ಮು ಹೆಚ್ಚಾತು. ಗೌಂಡಿ ಬಂದು ಗಿಲಾವ ಕೆದರಿ ನೋಡಿದ್ರ, ಮಾಳಗಿ ಮ್ಯಾಲ ನೀರು ಹರಿಯೂ ಇಳಿಜಾರ ಇಲ್ಲ, ನಿಂತ ನೀರು ಸ್ಲ್ಯಾಬಿನೊಳಗ ಇಳದು ಕಬ್ಬಿಣಕ್ಕ ಜಂಗ ಹಿಡದೈತಿ. ಜಂಗ ಹಿಡದ ಸರಳು ಉಬ್ಬತಾವು, ಉಬ್ಬಿ ಕೆಳಗಿನ ಕಾಂಕ್ರೀಟ್ ಒಡದು ಕೆಡವತಾವು. ಎರಡು ವರ್ಷದಾಗ 3 ಲಕ್ಷ 40 ಸಾವಿರ ಹೋತು.

ರೊಕ್ಕಾ ಹೋಗಿದ್ದು ಬಿಡ್ರಿ. ಮಾವನೋರು ಮತ್ತ ಅವರ ಗೆಳೆಯರು ದಿನಾ ಸಂಜೀಕ ಗುಡಿ ಕಟ್ಟಿ ಮ್ಯಾಲ ಕೂಡತಿದ್ರು, ಮೂವತ್ತು ವರ್ಷದ ರೂಢಿ. ಅದು ನಿಂತು ಹೋತು. ಅವರಿಗೆ ಸೋರೂದು ಗೊತ್ತಿದ್ದು ಮುಚ್ಚಿಟ್ಟರೋ, ಮನಿ ಮಾರೂಮುಂದ ಎಲ್ಲಾರೂ ಹಚ್ಚಿಸೂವಂಗ ಬಣ್ಣ ಹಚ್ಚಿಸಿದರೋ, ಇವತ್ತಿಗೂ ನಮಗ ತಿಳಿದಿಲ್ಲ. ಮಾವನೋರು ಕೇಳಲಿಲ್ಲ, ಅವರು ಹೇಳಲಿಲ್ಲ. ಹೋದ ವರ್ಷ ಆ ಹಿರಿಯರು ತೀರಿಕೊಂಡ್ರು. ಮಾವನೋರು ಮಣ್ಣಿಗೆ ಹೋಗಿ ಬಂದು ಆ ರಾತ್ರಿ ಊಟಾ ಮಾಡಲಿಲ್ಲ.

ಅದಕ್ಕ, "ತಪಾಸಣಿ ಮಾಡಿಸಿದ್ರ ಪರಿಚಯದವರಿಗೆ ಅಪಮಾನ ಆಕೈತಿ" ಅನ್ನೋರಿಗೆ ನನ್ನ ಉತ್ತರ ಇದು: ಮಾಡಿಸದ ಇದ್ದಿದ್ದಕ್ಕ ನಮ್ಮ ಮನ್ಯಾಗ ಒಂದು ಗೆಳೆತನ ಸತ್ತೈತಿ. ಮೊದಲ ಒಂದು ಕಾಗದ ಇದ್ದಿದ್ರ ಯಾರೂ ಯಾರ ಮ್ಯಾಲೂ ಸಂಶೇ ಪಡ್ತಿರಲಿಲ್ಲ.

ಆ ಮ್ಯಾಲ ನಮ್ಮ ನಾದಿನಿ ಧಾರವಾಡದಾಗ ಮನಿ ಕೊಳ್ಳೂಮುಂದ ನಾ ಹಟಾ ಹಿಡದು ತಪಾಸಣಿ ಮಾಡಿಸಿದ್ನಿ. ಫೀ 7,500 ರೂಪಾಯಿ. ನಾನೂ ಜೊತೀಗೆ ಹೋಗಿದ್ನಿ. ಹಂಗಾಗಿ ಆ ದಿವಸ ಏನೇನು ನಡೀತೈತಿ ಅನ್ನೂದು ಕಣ್ಣಾರೆ ಕಂಡದ್ದು.

ಬಂದ ಎಂಜಿನಿಯರ್ ಮೊದಲ ಒಳಗ ಬರಲೇ ಇಲ್ಲ. ಹೊರಗ ಸುತ್ತು ಹಾಕಿದ. ರಸ್ತೆಕಿಂತ ಮನಿ ಎಷ್ಟು ಎತ್ತರ ಐತಿ, ಮಳಿ ನೀರು ಯಾಕಡೆ ಹರೀತೈತಿ, ಗಟಾರ ಎಲ್ಲೈತಿ ನೋಡಿದ. ಆಮ್ಯಾಲ ಮಾಳಗಿ ಹತ್ತಿ ಎರಡು ಬಕೆಟ್ ನೀರು ಸುರುವಿ, ಅದು ಪೈಪಿನ ಕಡೆ ಓಡತೈತೋ ನಡುವ ನಿಲ್ಲತೈತೋ ಅಂತ ನಿಂತು ನೋಡಿದ. ನಮಗ ಆ ಎರಡು ಬಕೆಟ್ ನೀರು 2017ರಾಗ ಸಿಕ್ಕಿದ್ರ!

ಒಳಗ ಬಂದು ಬಿರುಕುಗಳನ್ನ ನೋಡಿದ. ಕೂದಲೆಳಿ ಅಷ್ಟು ಸಣ್ಣ ಬಿರುಕು ಗಿಲಾವದ್ದು, ಅದಕ್ಕ ಹೆದರಬ್ಯಾಡ್ರಿ ಅಂದ. ಕಿಡಕಿ, ಬಾಗಲದ ಮೂಲಿಯಿಂದ ಓರೆಯಾಗಿ ಹೊಂಟ ಬಿರುಕು, ಇಟ್ಟಂಗಿ ಸಂದ್ಯಾಗ ಮೆಟ್ಟಲದಂಗ ಇಳಿಯೂ ಬಿರುಕು, ಅವು ಪಾಯಾದ ಮಾತು. ಹುಬ್ಬಳ್ಳಿ, ನವಲಗುಂದ, ಅಣ್ಣಿಗೇರಿ ಕಡೆ ಎರಿ ಮಣ್ಣು ಐತೆಲ್ಲ, ಅದು ಮಳ್ಯಾಗ ಉಬ್ಬತೈತಿ, ಬ್ಯಾಸಗ್ಯಾಗ ಸೀಳು ಬಿಡತೈತಿ. ಪಾಯಾ ಮ್ಯಾಲ ಮ್ಯಾಲ ಹಾಕಿದ್ರ ಮನೀನೂ ಅದರ ಜೊತಿ ಏರಿ ಇಳೀತೈತಿ. ನಮ್ಮ ತಂಗಿ ನೋಡಿದ ಮನಿ ಹುಬ್ಬಳ್ಳ್ಯಾಗಿಂದು, ನೆನಪಿಡ್ರಿ.

ಗ್ವಾಡಿಗೆ ಸಣ್ಣ ಮೊಳೆ ಇದ್ದ ಮೀಟರ್ ಚುಚ್ಚಿ ಎಷ್ಟು ತಂಪು ಹಿಡದೈತಿ ಅಂತ ಅಳದ. ಫರಸಿ ಮ್ಯಾಲ ಕೋಲಿಂದ ಟಕ್ ಟಕ್ ಬಡದ. ಟೊಳ್ಳು ಸಪ್ಪಳ ಬಂದಲ್ಲೆ ಚಾಕ್‌ಪೀಸಿಂದ ಗುರುತು ಹಾಕಿದ. ಥೇಟ್ ನಾವು ಕಲ್ಲಂಗಡಿ ಬಡದು ನೋಡಿದಂಗ. ನಳಾ ಎಲ್ಲಾ ಒಮ್ಮೆಲೇ ಬಿಟ್ಟು, ಮ್ಯಾಲ ಫ್ಲಶ್ ಮಾಡಿ, ಬಚ್ಚಲದ ನೀರು ಎಷ್ಟೊತ್ತಿಗೆ ಇಳೀತೈತಿ ನೋಡಿದ. ಸಿಂಕಿನ ಕೆಳಗ ಬ್ಯಾಟರಿ ಬಿಟ್ಟು ನೋಡಿದ. ಮ್ಯಾಲಿನ ಬಚ್ಚಲದ ಮೋರಿ ಮುಚ್ಚಿ, ನೀರು ನಿಲ್ಲಿಸಿ, 24 ತಾಸು ಬಿಟ್ಟು ಕೆಳಗಿನ ಛತ್ತು ನೋಡಬೇಕಂದ. ಮಾರೋರು ಒಪ್ಪಿದ್ರು, ಮರುದಿನ ಮತ್ತ ಹೋಗಿ ನೋಡಿ ಬಂದ್ವಿ.

ಕರೆಂಟಿನ ಪಾಳಿ ಬಂದಾಗ ಒಂದು ಸಣ್ಣ ಟೆಸ್ಟರ್ ಒಂದೊಂದ ಪ್ಲಗ್ಗಿಗೂ ಹಾಕಿದ. ಹನ್ನೊಂದರಾಗ ನಾಕು ಪ್ಲಗ್ಗಿಗೆ ಅರ್ಥಿಂಗ್ ಇರಲಿಲ್ಲ, ಮೂರನೇ ತೂತು ಸುಮ್ಮನ ಶೋಕಿಗೆ. ಅದರಾಗ ಒಂದು ಬಚ್ಚಲದ ಗೀಸರಿಂದು. ತೊಯ್ದ ಮೈಲೆ ನಿಲ್ಲೂ ಜಾಗಾ! ಮೇನ್ ಬೋರ್ಡಿನಾಗ 30 ಮಿಲಿ ಆಂಪಿಯರಿನ ಆರ್.ಸಿ.ಸಿ.ಬಿ. ಇರಬೇಕು, ಮನಷ್ಯಾಗ ಶಾಕ್ ಹೊಡದ್ರ ಕಣ್ಣು ಮುಚ್ಚಿ ತಗಿಯೂದ್ರಾಗ ಕರೆಂಟ್ ಕಡೀತೈತಿ. ಅದೂ ಇರಲಿಲ್ಲ. ಕಡೀಕ ಬೋರಿನ ನೀರಿಗೆ ಟಿ.ಡಿ.ಎಸ್. ಮೀಟರ್ ಇಳಿಬಿಟ್ಟ. ಕುಡಿಯೂ ನೀರಿಗೆ ಬಿ.ಐ.ಎಸ್. ಹೇಳೂದು 500ರ ಒಳಗ. ಬ್ಯಾರೆ ನೀರಿಲ್ಲದಾಗ 2000 ತನಕ. ಅಲ್ಲೆ 1100 ತೋರಿಸ್ತು.

ಮೂರುವರಿ ತಾಸಿನ ಕೆಲಸ. ಮೂರು ದಿನಕ್ಕ ಫೋಟೋ ಸಮೇತ ವರದಿ ಬಂತು: ಈಗಿಂದೀಗ ಮಾಡಿಸೂದು, ವರ್ಷದೊಳಗ ಮಾಡಿಸೂದು, ಕಣ್ಣಿಟ್ಟಿರೂದು ಅಂತ ಮೂರು ಪಾಲು. ಪಾಸು ನಾಪಾಸು ಅಂತ ಬರಿಯಂಗಿಲ್ಲ, "ಕೊಳ್ರಿ" ಅಂತಾನೂ ಹೇಳಂಗಿಲ್ಲ. ಗ್ವಾಡಿ ಒಡದು ನೋಡಾಕ ಬರಂಗಿಲ್ಲ, ಹಂಗಾಗಿ ಒಳಗ ಹುಗದ ಪೈಪು, ನೆಲದಾಗಿನ ಪಾಯಾ ಆತನ ಕಣ್ಣಿಗೂ ಕಾಣಂಗಿಲ್ಲ. ಹೊರಗಿನ ಗುರುತು ನೋಡಿ ಹೇಳ್ತಾನ ಅಷ್ಟ. ಖಾತಾ, ಋಣಭಾರ ಪತ್ರ, ವಾರಸದಾರರು, ಇವಕ್ಕ ವಕೀಲರ ಬೇಕು. ಒಂದು ಇನ್ನೊಂದರ ಬದಲಿ ಅಲ್ಲ.

ಆ ಮನಿ ಬಿಟ್ವೇನು? ಇಲ್ಲ. ನಾದಿನಿ ಅಲ್ಲೇ ಅದಾಳ. ಮಾರೋರು ಅರ್ಥಿಂಗ್ ಮಾಡಿಸಿಕೊಟ್ಟು, 90 ಸಾವಿರ ಇಳಿಸಿದ್ರು. ಯಾರ ಮಾರಿನೂ ಸಣ್ಣದಾಗಲಿಲ್ಲ. ಗೃಹಪ್ರವೇಶಕ್ಕ ಅವರ ಮೊದಲ ಬಂದು ಉಂಡ್ರು.

ಈಗ ನಮ್ಮೋರ ಉಳದ ತಕರಾರುಗಳು.

"ಬ್ಯಾಂಕಿನ ಎಂಜಿನಿಯರ್ ಬಂದು ನೋಡ್ಯಾನಲ್ಲ?" ನೋಡ್ಯಾನ, ಬ್ಯಾಂಕಿನ ಸಲುವಾಗಿ. ನೀವು ಕಂತು ತಪ್ಪಿಸಿದ್ರ ಆ ಮನಿ ಮಾರಿ ಸಾಲಾ ತೀರತೈತೋ ಇಲ್ಲೋ ಅನ್ನೂದು ಆತನ ಲೆಕ್ಕ. ನಿಮ್ಮ ಬಚ್ಚಲ ಸೋರಿದ್ರ ಬ್ಯಾಂಕಿಗೆ ನೆಗಡಿ ಬರಂಗಿಲ್ಲ.

"ನಾವು ಹೊಸಾ ಫ್ಲ್ಯಾಟ್ ತಗೋತೀವಿ, ನಮಗ ಯಾಕ?" 2016ರ ರೇರಾ ಕಾಯ್ದೆ ಪ್ರಕಾರ, ತಾಬಾ ಕೊಟ್ಟ 5 ವರ್ಷದೊಳಗ ಕಟ್ಟಡದ ದೋಷ ತೋರಿಸಿದ್ರ ಬಿಲ್ಡರ್ 30 ದಿನದಾಗ ಪುಕ್ಕಟೆ ಸರಿ ಮಾಡಿಕೊಡಬೇಕು. ಛೊಲೊ ಕಾಯ್ದೆ. ಆದ್ರ ದೋಷ ಐತಿ ಅಂತ ತೋರಿಸೋರು ನೀವ, ಅದಕ್ಕೂ ಬರದ ಕಾಗದ ಬೇಕು. ಇನ್ನ 500 ಚದರ ಮೀಟರ್ ದಾಟದ ಜಾಗಾದಾಗ ಕಟ್ಟಿ ಮಾರಿದ ಮನಿಗೆ ಆ ಕಾಯ್ದೇದ ನೋಂದಣಿ ಕಡ್ಡಾಯ ಇಲ್ಲ. 30-40ರ ಸೈಟು ಅಂದ್ರ ಬರೇ 111 ಚದರ ಮೀಟರ್. ಮತ್ತ, 2019ರ ಮಾರ್ಚ್‌ನಾಗ ಧಾರವಾಡದ ಕುಮಾರೇಶ್ವರ ನಗರದಾಗ ಇನ್ನೂ ಕಟ್ಟಾಕ ಹತ್ತಿದ್ದ ಕಟ್ಟಡ ಕುಸದು 19 ಮಂದಿ ಸತ್ತಿದ್ದು ಮರ್ತೀರೇನು? ಹೊಸಾದು ಅಂದ್ರ ಗಟ್ಟಿ ಅನ್ನೂ ಮಾತನ್ನ ನಾವು ಅವತ್ತ ಬಿಡಬೇಕಿತ್ತು.

"ವಾಸ್ತು ನೋಡಿಸೇವಿ." ನಾನೂ ನೋಡಿಸೀನಿ, ಬ್ಯಾಡ ಅನ್ನಂಗಿಲ್ಲ. ಆದ್ರ ಅಡಗಿಮನಿ ಆಗ್ನೇಯಕ್ಕಿದ್ದ ಮಾತ್ರಕ್ಕ ಗ್ರೈಂಡರಿನ ಪ್ಲಗ್ಗಿಗೆ ಅರ್ಥಿಂಗ್ ಬರಂಗಿಲ್ಲ.

"ಹತ್ತು ಸಾವಿರ ದಂಡ." ವೈನಿ, 48 ಲಕ್ಷಕ್ಕ ಶೇಕಡಾ 5 ಮುದ್ರಾಂಕ ಶುಲ್ಕ ಅಂತ ನಾವು 2 ಲಕ್ಷ 40 ಸಾವಿರ ಕಣ್ಣು ಮುಚ್ಚಿ ಕೊಟ್ವಿ. ಗೃಹಪ್ರವೇಶದ ಊಟಕ್ಕ, ಆಹೇರಿ ಸೀರಿಗೆ ಎಷ್ಟಾತು ಅಂತ ನೀನ ಲೆಕ್ಕ ಹಾಕು. ಅದರಾಗ ಹತ್ತು ಸಾವಿರಕ್ಕ ಯಾಕ ಕೈ ಗಟ್ಟಿ ಹಿಡೀತೀವಿ? ಮಿಕ್ಸರ್ ಕೆಟ್ರ ಬ್ಯಾರೆ ತರಬಹುದು.

ಆದ್ರ ಒಂದು ಎಚ್ಚರ. ಏಜಂಟ ಕಳಿಸಿದವನನ್ನ ಕರೀಬ್ಯಾಡ್ರಿ. ವ್ಯವಹಾರ ಮುರದ್ರ ಏಜಂಟಗ ಕಮಿಷನ್ ಇಲ್ಲ. ರಿಪೇರಿ ಗುತ್ತಿಗಿ ನಾನ ಹಿಡೀತೀನಿ ಅನ್ನೋನೂ ಬ್ಯಾಡ; ಆತಗ ಎಲ್ಲೆ ನೋಡಿದ್ರೂ ರಿಪೇರೀನ ಕಾಣತೈತಿ. ಸಿವಿಲ್ ಓದಿ ಮನಿ ಕಟ್ಟಿಸಿ ಅನುಭವ ಇದ್ದ ಎಂಜಿನಿಯರ್, ಜೊತೀಗೆ ಒಬ್ಬ ಇಲೆಕ್ಟ್ರಿಶಿಯನ್, ಅಷ್ಟ ಸಾಕು. ತಪಾಸಣಿ ಇಸಾರಕಿಂತ ಮೊದಲ ಆಗಬೇಕು. ಆಗಲಿಲ್ಲಂದ್ರ, ವರದ್ಯಾಗ ದೊಡ್ಡ ದೋಷ ಬಂದ್ರ ಇಸಾರ ವಾಪಸ್ ಅಂತ ಕರಾರಿನಾಗ ಬರಸ್ರಿ.

ಇನ್ನ ಕಡೀ ಮಾತು, ಇದು ಗಂಡಸರಿಗಲ್ಲ, ನಮಗ. ತಪಾಸಣಿ ದಿನ ಮನ್ಯಾಗ ಅಡಗಿ ಐತಿ ಅಂತ ಉಳೀಬ್ಯಾಡ್ರಿ. ಆ ಮನ್ಯಾಗ ದಿನಾ ಹದಿನಾರು ತಾಸು ಇರೋರು ನಾವು. ಭಾಂಡಿ ತಿಕ್ಕೂ ನೀರು ಎಲ್ಲಿ ಹೋಗತೈತಿ, ಅರಿವಿ ಎಲ್ಲಿ ಒಣ ಹಾಕೂದು, ಗ್ಯಾಸಿನ ಟಾಕಿ ಎಲ್ಲಿಡೂದು, ಇವನ್ನ ಕೇಳೋರು ನಾವ. ಮೂಗಿಗೆ ವಾಸನಿ ಬಂದ್ರ, ಕಾಲಿಗೆ ನೆಲಾ ತಂಪನಿಸಿದ್ರ, ಎಲ್ಲಾರ ಮುಂದ ಬಾಯಿ ಬಿಟ್ಟು ಹೇಳ್ರಿ. ಎಂಜಿನಿಯರನ ಮೀಟರ್ ಅಲ್ಲೇ ಹಚ್ಚಿ ನೋಡಸ್ರಿ. 2017ರಾಗ ನನ್ನ ಮೂಗು ಹೇಳಿದ್ದು ಖರೇ ಇತ್ತು. ಅದನ್ನ ಕಾಗದದ ಮ್ಯಾಲ ಬರದು, ದೊಡ್ಡವರ ಮುಂದ ಇಡೋರು ಒಬ್ಬರು ಬೇಕಿತ್ತು.

ತಂಗಿ, ಇದನ್ನ ನೀ ಓದೇ ಓದ್ತಿ ಅಂತ ಗೊತ್ತೈತಿ. ನಾದಿನಿ ಮನಿ ನೋಡಿದ ಎಂಜಿನಿಯರ್ ಗುರುವಾರ ಮುಂಜಾನೆ ಖಾಲಿ ಅದಾನ, ನಾ ಕೇಳೀನಿ. ಫೀ ನಾ ಕೊಡ್ತೀನಿ, ಗೃಹಪ್ರವೇಶದ ಸೀರಿ ಅಂತ ತಿಳ್ಕೊ. ಕಾಕಾಗ ನಾನ ಫೋನ್ ಮಾಡ್ತೀನಿ, ಬೈದ್ರ ನನಗ ಬೈಲಿ. ನೀ ಎರಡು ಬಕೆಟ್ ತಗೊಂಡು ಬಾ.