ಬೆಳೆ ಕಾಯೂದು ಬೇರೆ, ಶಿಕಾರಿ ಬೇರೆ

ಮಳೆ ಹಿಂದಾಗಿ ಭತ್ತ ಹಾಲುಗಾಳು ಕಟ್ಟುವ ಹೊತ್ತಿಗೆ ಪ್ರತಿ ವರ್ಷ ಒಂದು ಪ್ರಶ್ನೆ ನನ್ನ ಹತ್ರ ಬರ್ತದೆ. ಕೇಳುವವರು ಹಳಬರಲ್ಲ, ಹೊಸಬರು. ಬೆಂಗಳೂರು, ಮುಂಬೈ ಬಿಟ್ಟು ಬಂದು ಅಪ್ಪನ ತೋಟ ವಹಿಸಿಕೊಂಡ ಹುಡುಗರು, ಘಟ್ಟದ ಬುಡದಲ್ಲಿ ಎರಡೆಕರೆ ತಗೊಂಡು ಮನೆ ಕಟ್ಟಿದವರು, ಹೋಂಸ್ಟೇ ಶುರು ಮಾಡಿದವರು. "ಅಣ್ಣ, ನಮ್ಮ ಕಡೆ ಹಂದಿ ಶಿಕಾರಿ ಹೆಂಗೆ? ಯಾರ ಸಂಗಡ ಹೋಗೂದು? ಕೋವಿ ಎಲ್ಲಿ ಸಿಗ್ತದೆ?"

ಫೋನಲ್ಲಿ ಒಬ್ಬೊಬ್ಬರಿಗೆ ಹೇಳೂದಕ್ಕಿಂತ ಇಲ್ಲೇ ಬರೆದುಬಿಡ್ತೇನೆ. ಹೊನ್ನಾವರ, ಕುಮಟಾ, ಅಂಕೋಲಾ ಬದಿಯ ನಮ್ಮವರೆಲ್ಲ ಓದಿ, ಹೊಸಬರಿಗೂ ತೋರಿಸಿ.

ಮೊದಲನೇ ಮಾತು: ಶಿಕಾರಿ ಅನ್ನೂದು ಈಗ ಇಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದಮೇಲೆ ಅದು ಅಪರಾಧ. ಗುಂಡು ಹೊಡೆದರೆ ಮಾತ್ರ ಬೇಟೆ ಅಂತ ತುಂಬ ಜನ ತಿಳಿದಿದ್ದಾರೆ. ಕಾಯ್ದೆ ಹಾಗೆ ಹೇಳೂದಿಲ್ಲ. ಉರುಳು ಇಡೂದು, ಹಿಡಿಯೂದು, ವಿಷ ಇಡೂದು, ಹಳು ಸೋವಿ ಓಡಿಸೂದು, ಇದರಲ್ಲಿ ಯಾವುದಕ್ಕೆ ಪ್ರಯತ್ನ ಮಾಡಿದರೂ ಅದು ಬೇಟೆಯೇ. ಪ್ರಾಣಿ ಸಿಗದೆ ಬರಿಗೈಯಲ್ಲಿ ಬಂದರೂ ಕೇಸು ಕೇಸೇ.

2022ರಲ್ಲಿ ಕಾಯ್ದೆ ತಿದ್ದುಪಡಿ ಆಯ್ತು, 2023ರ ಏಪ್ರಿಲ್‌ನಿಂದ ಜಾರಿಗೆ ಬಂತು. ಈಗ ಕಾಡುಹಂದಿ ಎರಡನೇ ಪಟ್ಟಿಯಲ್ಲಿದೆ. ಹೊಡೆದರೆ 3 ವರ್ಷದವರೆಗೆ ಜೈಲು, ಇಲ್ಲಾ 1 ಲಕ್ಷದವರೆಗೆ ದಂಡ, ಇಲ್ಲಾ ಎರಡೂ. ಚಿರತೆ, ಕಾಡೆಮ್ಮೆ, ನವಿಲು ಇವೆಲ್ಲ ಒಂದನೇ ಪಟ್ಟಿ. ಅಲ್ಲಿ 3 ವರ್ಷಕ್ಕೆ ಕಡಿಮೆ ಇಲ್ಲ, 7 ವರ್ಷದವರೆಗೂ ಹೋಗಬಹುದು, ಮೇಲೆ ಕನಿಷ್ಠ 25,000 ದಂಡ. ಅಭಯಾರಣ್ಯದ ಒಳಗೆ ಆದರೆ ಹಂದಿಗೂ ಇದೇ ಶಿಕ್ಷೆ. ಗೇರುಸೊಪ್ಪೆ ಬದಿಯವರು ಇದನ್ನ ನೆನಪಿಡಬೇಕು, ಶರಾವತಿ ಕಣಿವೆ ಸಿಂಗಳೀಕ ಅಭಯಾರಣ್ಯ ನಮ್ಮ ತೋಟದ ಬೇಲಿ ಆಚೆಗೇ ಇದೆ. ಇನ್ನು ಕೋವಿ, ಬೈಕು, ಜೀಪು ಏನು ಬಳಸಿರ್ತೀರೋ ಅದು ಜಪ್ತಿಯಾಗಿ ಸರಕಾರದ ಸ್ವತ್ತಾಗ್ತದೆ. ಒಂದು ಹೊತ್ತಿನ ಪದಾರ್ಥಕ್ಕೆ ಜೀಪು ಕಳಕೊಳ್ಳೂದು ಯಾವ ಲೆಕ್ಕ?

ಇದಕ್ಕೆ ಹೊಸಬರು ಕೊಡುವ ಉತ್ತರ ಮೂರು ನಮೂನೆ.

ಒಂದು, "ನಮ್ಮದೇ ಬೆಟ್ಟ, ನಮ್ಮದೇ ಜಾಗ." ತೋಟದ ಸಂಗಡ ಸೊಪ್ಪಿನ ಬೆಟ್ಟ ಬಂದಿದೆ ಅಂತ ಅದು ನಿಮ್ಮ ಸ್ವಂತ ಆಗೂದಿಲ್ಲ. ಸೊಪ್ಪು, ದರಕು, ಒಣಕಟ್ಟಿಗೆ ತರುವ ಸವಲತ್ತು ಮಾತ್ರ ನಮ್ಮದು, ಜಾಗ ಸರಕಾರದ್ದು. ಅದು ಬಿಡಿ, ನಿಮ್ಮ ಹೆಸರಲ್ಲೇ ಪಹಣಿ ಇರುವ ಗದ್ದೆಯಲ್ಲಿ ಹೊಡೆದರೂ ಕಾನೂನು ಒಂದೇ.

ಎರಡು, "ಕೇರಳದಲ್ಲಿ ಬಿಟ್ಟಿದ್ದಾರಲ್ಲ." ಕೇರಳದಲ್ಲಿ 2022ರಲ್ಲಿ ಪಂಚಾಯ್ತಿ ಅಧ್ಯಕ್ಷರಿಗೆ ಒಂದು ಅಧಿಕಾರ ಕೊಟ್ಟರು ಹೌದು. ಬೆಳೆಗೆ ತೊಂದರೆ ಕೊಡುವ ಹಂದಿಯನ್ನ ಲೈಸೆನ್ಸ್ ಇದ್ದವರ ಕೈಯಿಂದ ಹೊಡೆಸೂದಕ್ಕೆ ಅವರು ಅನುಮತಿ ಕೊಡಬಹುದು. ವಿಷ, ಸಿಡಿಮದ್ದು, ಕರೆಂಟು ಅಲ್ಲೂ ಇಲ್ಲ. ಸತ್ತ ಹಂದಿಯ ಮಾಂಸವನ್ನೂ ಯಾರೂ ತಿನ್ನುವ ಹಾಗಿಲ್ಲ. ಅದು ಆ ರಾಜ್ಯದ ಆದೇಶ. ವಾಟ್ಸಾಪಲ್ಲಿ ಬಂದ ಕೇರಳದ ಸುದ್ದಿ ಹಿಡಕೊಂಡು ಉತ್ತರ ಕನ್ನಡದಲ್ಲಿ ಕೋವಿ ಎತ್ತಿದರೆ ನಿಮ್ಮನ್ನ ಬಿಡಿಸಲಿಕ್ಕೆ ಯಾರೂ ಬರೂದಿಲ್ಲ.

ಮೂರು, "ಲೈಸೆನ್ಸ್ ಇದೆ." ಬೆಳೆ ರಕ್ಷಣೆಗೆ ಕೊಟ್ಟ ಲೈಸೆನ್ಸು ಬೇಟೆಯ ಪರವಾನಗಿ ಅಲ್ಲ. ಗಾಳಿಯಲ್ಲಿ ಒಂದು ಈಡು ಹೊಡೆದು ಹೆದರಿಸೂದು ಬೇರೆ, ಪ್ರಾಣಿಗೆ ಗುರಿ ಇಡೂದು ಬೇರೆ. ಕೊಡಗಿನವರಿಗೆ ಕೋವಿಗೆ ಲೈಸೆನ್ಸೇ ಬೇಡ ಅಂತಾರೆ. ಆ ವಿನಾಯಿತಿ ಅಲ್ಲಿಯ ಕೊಡವರಿಗೆ, ಜಮ್ಮಾ ಹಿಡುವಳಿದಾರರಿಗೆ, ಅದೂ ಕೋವಿ ಇಟ್ಟುಕೊಳ್ಳಲಿಕ್ಕೆ. ಬೇಟೆಗೆ ವಿನಾಯಿತಿ ಅವರಿಗೂ ಇಲ್ಲ.

ಕಾನೂನಿನ ಮಾತು ಇಷ್ಟು ಸಾಕು. ನನಗೆ ಇದಕ್ಕಿಂತ ಹೆಚ್ಚು ಹೆದರಿಕೆ ಆಗೂದು ಬೇರೆ ವಿಷಯಕ್ಕೆ. ಶಿಕಾರಿಯಲ್ಲಿ ಸಾಯೂದು ಹಂದಿ ಒಂದೇ ಅಲ್ಲ.

ಬೈಕಿನ ಬ್ರೇಕ್ ವಯರಿಂದ ಉರುಳು ಮಾಡಿ ಹಂದಿ ಕಂಡಿಗೆ ಇಡ್ತಾರೆ. ಉರುಳಿಗೆ ಹಂದಿ ಯಾವುದು, ಚಿರತೆ ಯಾವುದು ಗೊತ್ತಾಗೂದಿಲ್ಲ. ಪಕ್ಕದ ಮನೆ ನಾಯಿ ಬೀಳ್ತದೆ, ಮೇಯಲಿಕ್ಕೆ ಬಿಟ್ಟ ಕರು ಬೀಳ್ತದೆ. ಚಿರತೆ ಬಿದ್ದರೆ ಇಡೀ ಕೇರಿಯ ಮೇಲೆ ವಿಚಾರಣೆ. ಸಿಡಿಮದ್ದು ಇನ್ನೂ ಕೆಟ್ಟದ್ದು. ಹಿಟ್ಟಿನಲ್ಲೋ ಹಣ್ಣಿನಲ್ಲೋ ಇಟ್ಟದ್ದನ್ನ ಆಕಳು ಕಚ್ಚಿದರೆ ದವಡೆಯೇ ಹೋಗ್ತದೆ, ಮತ್ತೆ ಅದು ಹುಲ್ಲು ತಿನ್ನುವ ಹಾಗಿಲ್ಲ. 2020ರ ಮೇ ತಿಂಗಳಲ್ಲಿ ಕೇರಳದ ಪಾಲಕ್ಕಾಡ್ ಜಿಲ್ಲೆಯಲ್ಲಿ ಬಸುರಿ ಆನೆ ಹೊಳೆಯಲ್ಲಿ ನಿಂತು ಸತ್ತದ್ದು ಇದೇ ನಮೂನೆ ಮದ್ದು ಕಚ್ಚಿ.

ಪಂಪಿನ ಲೈನಿಂದ ಬೇಲಿಗೆ ನೇರ ಕರೆಂಟು ಕೊಡುವವರಿಗೆ ಏನು ಹೇಳೂದೋ ಗೊತ್ತಿಲ್ಲ. ಸೋಲಾರ್ ಬೇಲಿಯ ಯಂತ್ರ ಸೆಕೆಂಡಿಗೆ ಒಂದು ಸಲ ಕಣ್ಣು ಮಿಟುಕಿಸುವಷ್ಟು ಹೊತ್ತೂ ಇಲ್ಲದ ಹೊಡೆತ ಕೊಡ್ತದೆ, ಪ್ರಾಣಿ ಹಿಂದೆ ಹಾರ್ತದೆ. 230 ವೋಲ್ಟಿನ ಲೈನು ಹಿಡಿದುಕೊಳ್ತದೆ, ಬಿಡೂದಿಲ್ಲ. ರಾತ್ರಿ ನೀರು ಬಿಡಲಿಕ್ಕೆ ಹೋದ ಪಕ್ಕದವನೇ ಅದಕ್ಕೆ ಸಿಗೂದು.

ಹಳು ಸೋವೂದು ಅಂತೂ ಹೊಸಬರಿಗೆ ಮಜಾ ಅನಿಸ್ತದೆ. ನಮ್ಮ ನೆಲ ಹೇಗಿದೆ ಅಂತ ಸ್ವಲ್ಪ ಯೋಚನೆ ಮಾಡಿ. ಒಂದು ದರೆ ಇಳಿದರೆ ಹಳ್ಳ, ಹಳ್ಳ ಹತ್ತಿದರೆ ಮತ್ತೊಂದು ದರೆ. ಮುರಕಲ್ಲಿನ ಮೇಲೆ ಹಾವಸೆ, ಹತ್ತು ಮಾರು ಆಚೆ ಏನೂ ಕಾಣೂದಿಲ್ಲ. ಒಂದು ಕಡೆಯಿಂದ ಜನ ಕೂಗ್ತಾ ಬರ್ತಾರೆ, ಇನ್ನೊಂದು ಕಡೆ ಕೋವಿ ಹಿಡಿದು ಕೂತವರು ಪೊದೆ ಅಲುಗಿದ್ದಕ್ಕೆ ಹೊಡೀತಾರೆ. ಪೊದೆ ಅಲುಗಿಸಿದ್ದು ಮನುಷ್ಯನೂ ಆಗಿರಬಹುದು.

ಮತ್ತೊಂದು ಉಣುಗು. ಮಂಗನ ಕಾಯಿಲೆ 1957ರಲ್ಲಿ ಸೊರಬದ ಕ್ಯಾಸನೂರು ಕಾಡಲ್ಲಿ ಮೊದಲು ಕಂಡದ್ದು, ಈಗ ಸಿದ್ದಾಪುರ, ಹೊನ್ನಾವರದವರಿಗೂ ಹೊಸತಲ್ಲ. ಡಿಸೆಂಬರ್‌ನಿಂದ ಮೇ ತನಕ ಉಣುಗು ಜಾಸ್ತಿ. ಶಿಕಾರಿಗೆ ಹೋಗುವವರು ಹೊಟ್ಟೆ ನೆಲಕ್ಕೆ ಹಚ್ಚಿ ಕೂರೂದೂ ಅದೇ ಕಾಲದಲ್ಲಿ. ದರಕು ತರಲಿಕ್ಕೆ ಹೋಗುವವರೂ ಆರೋಗ್ಯ ಇಲಾಖೆಯವರು ಕೊಡುವ ಡೆಪಾ ಎಣ್ಣೆ ಹಚ್ಚಿಕೊಂಡೇ ಹೋಗಿ, ಬಂದ ಕೂಡಲೇ ಬಿಸಿನೀರು ಸ್ನಾನ ಮಾಡಿ, ಬಟ್ಟೆ ಬೇರೆ ಹಾಕಿ. ಸತ್ತ ಮಂಗ ಕಂಡರೆ ಮುಟ್ಟದೆ ಆಸ್ಪತ್ರೆಗೆ ತಿಳಿಸಿ.

ಹಾಗಾದರೆ ಹಂದಿ ಬಂದು ಗದ್ದೆ ಉತ್ತು ಹಾಕಿದರೆ ಸುಮ್ಮನೆ ಕೂರೂದಾ? ಅಲ್ಲ. ಒಂದೇ ರಾತ್ರಿಗೆ ಅರ್ಧ ಎಕರೆ ಭತ್ತ ಮಲಗಿಸಿಬಿಡ್ತದೆ. ಮಂಗ ಎಳೆ ಅಡಿಕೆ ಚೀಪಿ ಬಿಸಾಡ್ತದೆ. ಇದು ಹೊಟ್ಟೆಪಾಡಿನ ವಿಷಯ, ನಾನು ಪ್ರಾಣಿ ಪ್ರೀತಿಯ ಪಾಠ ಹೇಳಲಿಕ್ಕೆ ಬಂದವನಲ್ಲ.

ಕಾಯ್ದೆಯಲ್ಲೇ ಒಂದು ಬಾಗಿಲು ಇದೆ. 11ನೇ ಕಲಂ ಪ್ರಕಾರ ಬೆಳೆಗೆ ಅಪಾಯ ಆದ ಹಂದಿಯನ್ನ ಹೊಡೆಯಲಿಕ್ಕೆ ಮುಖ್ಯ ವನ್ಯಜೀವಿ ಪರಿಪಾಲಕರು, ಇಲ್ಲಾ ಅವರು ಅಧಿಕಾರ ಕೊಟ್ಟ ಅಧಿಕಾರಿ ಕಾರಣ ಬರೆದು ಅನುಮತಿ ಕೊಡಬಹುದು. ಮೈಮೇಲೆ ಬಂದ ಪ್ರಾಣಿಯನ್ನ ಜೀವ ಉಳಿಸಿಕೊಳ್ಳಲಿಕ್ಕೆ ಹೊಡೆದರೆ ಅದು ಅಪರಾಧ ಅಲ್ಲ ಅಂತಲೂ ಅದರಲ್ಲೇ ಇದೆ. ಆದರೆ ಬೇಟೆಗೆ ಹೋದವ ಹಾಗೆ ಹೇಳುವ ಹಾಗಿಲ್ಲ, ಮತ್ತು ಸತ್ತ ಪ್ರಾಣಿ ಸರಕಾರದ್ದು. ಮಂಗನಿಗೆ ಮಾತ್ರ ಈ ಬಾಗಿಲೂ ಮುಚ್ಚಿದೆ. ತಿದ್ದುಪಡಿಯಲ್ಲಿ ನಮ್ಮ ಕೆಂಪುಮೂತಿ ಮಂಗನನ್ನ ಒಂದನೇ ಪಟ್ಟಿಗೆ ಹಾಕಿದ್ದಾರೆ, ಬೆಳೆ ಹಾನಿ ಅನ್ನುವ ಕಾರಣಕ್ಕೆ ಅನುಮತಿಯೇ ಇಲ್ಲ. ಇದು ರೈತನಿಗೆ ಮಾಡಿದ ಅನ್ಯಾಯ ಅಂತ ನನ್ನ ಸ್ಪಷ್ಟ ಅಭಿಪ್ರಾಯ.

ಹಂದಿಯ ಬಾಗಿಲೂ ಕಾಗದದಲ್ಲಿ ಇದೆಯೇ ಹೊರತು ಗದ್ದೆ ಬದಿಗೆ ಬಂದಿಲ್ಲ. ಭತ್ತ ಕೊಯ್ಲಿಗೆ ಬರೂದು ಮೂರು ವಾರಕ್ಕೆ, ಕಾಗದ ತಿರುಗೂದು ಮೂರು ತಿಂಗಳು ಅಂದರೆ ಯಾರಿಗೆ ಉಪಯೋಗ? ಅನುಮತಿ ಕೊಡುವ ಅಧಿಕಾರ ವಲಯ ಅರಣ್ಯಾಧಿಕಾರಿ ಮಟ್ಟಕ್ಕೆ ಇಳೀಬೇಕು, ಇಷ್ಟು ದಿನದಲ್ಲಿ ಹೌದೋ ಅಲ್ಲವೋ ಹೇಳಬೇಕು ಅಂತ ಗಡುವು ಬೇಕು. ಪರಿಹಾರಕ್ಕೂ ಹಾಗೇ. ಅತಿಕ್ರಮಣ ಜಾಗದಲ್ಲಿ ಸಾಗುವಳಿ ಮಾಡುವವನ ಹತ್ರ ಪಹಣಿಯೇ ಇಲ್ಲ, ಅವ ಗಾರ್ಡನ್ನ ಕರೆಯಲಿಕ್ಕೇ ಹೆದರ್ತಾನೆ. ಅವನ ಬೆಳೆಯೂ ಹಂದಿಯೇ ತಿಂದದ್ದಲ್ವಾ?

ಈ ಬೇಡಿಕೆ ಗ್ರಾಮಸಭೆಯಲ್ಲಿ ಎತ್ತಿದಾಗ ಎದುರಿನವರು ಏನು ಹೇಳ್ತಾರೆ ಗೊತ್ತಾ? "ನೀವು ಬೆಳೆಗೆ ಅಂತ ಕೇಳ್ತೀರಿ, ನಿಮ್ಮ ಊರಿನವರು ಮಾಂಸಕ್ಕೆ ಹೊಡೀತಾರೆ." ಹೋಂಸ್ಟೇಯಲ್ಲಿ ಕಾಡುಹಂದಿ ಸುಕ್ಕ ಸಿಗ್ತದೆ ಅಂತ ಒಬ್ಬ ಗುಟ್ಟಾಗಿ ಹೇಳಿದರೆ, ಸತ್ತ ಪ್ರಾಣಿ ಸಂಗಡ ಇನ್ನೊಬ್ಬ ಫೋಟೋ ಹಾಕಿದರೆ, ಬೆಳೆ ಕಳಕೊಂಡ ನೂರು ಜನರ ಅರ್ಜಿ ಅಲ್ಲಿಗೆ ಹಗುರ ಆಯ್ತು. ಅದಕ್ಕೇ ಹೇಳೂದು, ಬೆಳೆ ಕಾಯೂದು ಬೇರೆ, ಶಿಕಾರಿ ಬೇರೆ. ಎರಡನ್ನೂ ಒಂದೇ ಚೀಲಕ್ಕೆ ತುಂಬಿದರೆ ನಷ್ಟ ನಮಗೇ. ನಮ್ಮ ಹಳಬರಿಗೂ ಒಂದು ಮಾತು: ಹೊಸ ಹುಡುಗರ ಎದುರು ಹಳೇ ಶಿಕಾರಿ ಕತೆ ಕೊಚ್ಚೂದು ಸ್ವಲ್ಪ ಕಡಿಮೆ ಮಾಡಿ.

ಹೊಸಬರು ಮೊದಲ ವರ್ಷ ಮಾಡಬೇಕಾದ್ದು ಇಷ್ಟು. ಬೇಲಿ ಸುತ್ತ ದಿನಾ ಬೆಳಿಗ್ಗೆ ಒಂದು ಸುತ್ತು ಹಾಕಿ. ಹಂದಿ ಸಾಮಾನ್ಯವಾಗಿ ಹಿಡಿದ ಕಂಡಿಯನ್ನೇ ಹಿಡೀತದೆ, ಎಲ್ಲಿಂದ ಬರ್ತದೆ ಅಂತ ಗೊತ್ತಾದರೆ ಅರ್ಧ ಕೆಲಸ ಆಯ್ತು. ಸೋಲಾರ್ ಬೇಲಿ ಹಾಕುವುದಾದರೆ ಕೆಳಗಿನ ತಂತಿ ನೆಲದಿಂದ ಒಂದು ಗೇಣಿಗಿಂತ ಮೇಲೆ ಬೇಡ, ಹಂದಿ ಮೂತಿ ನುಗ್ಗಿಸೂದು ಅಲ್ಲೇ. ತಂತಿಗೆ ಹುಲ್ಲು ತಾಗದ ಹಾಗೆ ಸವರ್ತಾ ಇರಬೇಕು. ನಮ್ಮ ಮುರಕಲ್ಲು ನೆಲ ಬೇಸಿಗೆಯಲ್ಲಿ ಒಣಗಿ ಅರ್ಥಿಂಗ್ ಹಿಡಿಯೂದಿಲ್ಲ, ರಾಡಿನ ಬುಡಕ್ಕೆ ನೀರು ಹಾಕಿ.

ಬೇಲಿ ಒಬ್ಬೊಬ್ಬರೇ ಹಾಕಬೇಡಿ. ಅರ್ಧ ಎಕರೆ ಚೌಕ ಗದ್ದೆಗೆ ಸುತ್ತಳತೆ ಸುಮಾರು 180 ಮೀಟರ್. ಹತ್ತು ಜನ ಬೇರೆ ಬೇರೆ ಹಾಕಿದರೆ 1,800 ಮೀಟರ್ ಆಯ್ತು. ಅದೇ ಹತ್ತು ಗದ್ದೆ ಒಟ್ಟು ಐದು ಎಕರೆ ಬೈಲಿಗೆ ಒಂದೇ ಬೇಲಿ ಸುತ್ತಿದರೆ 570 ಮೀಟರ್ ಚಿಲ್ಲರೆ. ಮೂರರಲ್ಲಿ ಒಂದು ಪಾಲು ತಂತಿ ಸಾಕು, ಹಂದಿ ನಿಮ್ಮದು ಬಿಟ್ಟು ಪಕ್ಕದವನ ಗದ್ದೆಗೆ ನುಗ್ಗಿತು ಅನ್ನುವ ಜಗಳವೂ ಇಲ್ಲ. ಭತ್ತ ಹಾಲು ತುಂಬಿದ ಮೇಲೆ ಕೊಯ್ಲಿನ ತನಕ ಸರದಿಯಲ್ಲಿ ಮಾಳ ಕಾಯಿರಿ. ಹತ್ತು ಮನೆ ಸೇರಿದರೆ ಒಬ್ಬನಿಗೆ ಹತ್ತು ದಿನಕ್ಕೊಂದು ರಾತ್ರಿ ಮಾತ್ರ.

ಹಾನಿ ಆದರೆ ಅವತ್ತೇ ಫೋಟೋ ತೆಗೀರಿ, ಗದ್ದೆ ಸರಿ ಮಾಡುವ ಮುಂಚೆ ಗಾರ್ಡನ್ನ ಕರೆದು ತೋರಿಸಿ, ಪಹಣಿ ಇಟ್ಟು ಅರ್ಜಿ ಕೊಡಿ, ಸ್ವೀಕೃತಿ ಕೇಳಿ ತಗೊಳ್ಳಿ. ಸಿಗುವ ದುಡ್ಡು ಕಡಿಮೆ ಅಂತ ಬಿಡಬೇಡಿ. ಅರ್ಜಿ ಇಲ್ಲದಿದ್ದರೆ ಲೆಕ್ಕದಲ್ಲಿ ಹಾನಿಯೇ ಇಲ್ಲ. ನಾಳೆ ಹಂದಿಗೆ ಅನುಮತಿ ಕೇಳಲಿಕ್ಕೆ ಹೋದಾಗ ನಮ್ಮ ಕೈಯಲ್ಲಿ ಇರುವ ಸಾಕ್ಷಿ ಆ ಸ್ವೀಕೃತಿ ಚೀಟಿಗಳೇ.

ಬರುವ ಗ್ರಾಮಸಭೆಗೆ ನಿಮ್ಮ ನಿಮ್ಮ ಚೀಟಿ ತಗೊಂಡು ಬನ್ನಿ. ಹೊಸಬರೂ ಬನ್ನಿ.